ಎಡಗೈಯ ಗಿರಣಿ

ಬಸವಕಲ್ಯಾಣದಲ್ಲಿ ಕೋಟೆಯ ಕಡೆ ಹೋಗುವ ರಸ್ತೆಗೆ ಮುಖ ಮಾಡಿ ಮಹಾರುದ್ರಪ್ಪನ ಭಾಂಡೆ ಅಂಗಡಿ ಇತ್ತು. ಅಂಗಡಿಯ ಹಿಂದೆ ಮನೆ, ಮನೆಯ ಗೋಡೆಗೆ ಗೋಡೆ ಹಚ್ಚಿ ಹಿಟ್ಟಿನ ಗಿರಣಿ. ಗಿರಣಿ ಶುರುವಾಯಿತೆಂದರೆ ಅಂಗಡಿಯಲ್ಲಿ ಜೋಡಿಸಿಟ್ಟ ತಾಟು, ತಂಬಿಗೆ, ಕೊಡಗಳೆಲ್ಲ ಸಣ್ಣಗೆ ನಡುಗಿ ತಮ್ಮ ತಮ್ಮಲ್ಲೇ ಏನೋ ಮಾತಾಡಿಕೊಳ್ಳುತ್ತಿದ್ದವು. ನಿರ್ಣಾ ಊರಿನ ಹುಡುಗಿ ಶಕುಂತಲಾಬಾಯಿ ಆ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಆ ಸದ್ದಿಗೆ ತಲೆನೋವು ಬಂದು ಅತ್ತದ್ದುಂಟು. ವರ್ಷ ತುಂಬುವಷ್ಟರಲ್ಲಿ ಅದು ಹೇಗೆ ಒಗ್ಗಿತೆಂದರೆ, ಕರೆಂಟು ಹೋಗಿ ಗಿರಣಿ ನಿಂತರೆ ಆಕೆಯ ಕೈಯೊಳಗಿನ ಕೆಲಸವೂ ನಿಲ್ಲುತ್ತಿತ್ತು.

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಓದು ಅಷ್ಟಕ್ಕಷ್ಟೇ, ಕಿವಿ ಮಾತ್ರ ಬಲು ಚುರುಕು. ಗಿರಾಕಿ ತಂದ ಹಳೆಯ ಕೊಡಕ್ಕೆ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ, "ಬುಡದಾಗ ಕೂದಲೆಳಿಯಷ್ಟ ಸೀಳ ಅದ ನೋಡ್ರಿ" ಎನ್ನುವಳು. ತಮ್ಮ ಅಂಗಡಿಯದೇ ಹೊಸ ಕೊಡ ಬಿರುಕು ಬಿಟ್ಟಿದ್ದರೆ ಅದನ್ನೂ ಹಾಗೆಯೇ ಹೇಳಿಬಿಡುವಳು. ಮಹಾರುದ್ರಪ್ಪ ಹಣೆ ಚಚ್ಚಿಕೊಂಡು ಗಿರಾಕಿಗಳ ಮುಂದೆ ನಗುತ್ತಿದ್ದ: "ನಮ್ಮ ಮನಿಯಾಕಿಗಿ ಗುರ್ದಾ ಭಾಳ ಅದ್ರಿ. ಗಂಡನ ಅಂಗಡಿ ಅಂತಾನೂ ನೋಡೂದಿಲ್ಲ."

ಗುರ್ದಾ ಎಂದರೆ ಆ ಕಡೆಯ ಮಾತಿನಲ್ಲಿ ಧೈರ್ಯವೂ ಹೌದು, ಮೂತ್ರಪಿಂಡವೂ ಹೌದು. ತೊಂಬತ್ತೊಂಬತ್ತನೆಯ ಇಸವಿಯಲ್ಲಿ, ಮುಖ ಊದಿ, ಕಾಲು ಬಾತು, ತುತ್ತು ಬಾಯಿಗಿಟ್ಟರೆ ಓಕರಿಕೆ ಬರುವಂತಾದಾಗ ಸೊಲ್ಲಾಪುರದ ಡಾಕ್ಟರು ಆ ಮಾತನ್ನು ಎರಡನೆಯ ಅರ್ಥದಲ್ಲಿ ಹೇಳಿದರು. ಬಿಪಿ ಯಾರಿಗೂ ಗೊತ್ತಾಗದಂತೆ ಬಹಳ ಕಾಲ ಒಳಗೇ ಕುಂತಿತ್ತಂತೆ, ಎರಡೂ ಗುರ್ದಾ ಹೋಗಿವೆಯಂತೆ.

"ಎರಡೂನೂ?" ಎಂದು ಮಹಾರುದ್ರಪ್ಪ ಕೇಳಿದ. ಡಾಕ್ಟರು ಗೋಣು ಹಾಕಿದರು. ಆಮೇಲೆ ಅವನು ಗುರ್ದಾದ ಮಾತನ್ನು ಅಂಗಡಿಯಲ್ಲಿ ಎಂದೂ ಆಡಲಿಲ್ಲ.

ಇನ್ನು ಮುಂದೆ ವಾರಕ್ಕೆ ಎರಡು ಸಲ ಮಷಿನ್ನಿಗೆ ರಕ್ತ ಕೊಟ್ಟು ತೊಳೆಸಿಕೊಂಡು ವಾಪಸು ಪಡೆಯಬೇಕು. ಅದಕ್ಕೊಂದು ಬಾಗಿಲು ಬೇಕು. ಎಡಗೈಯ ಮಣಿಕಟ್ಟಿನ ಬಳಿ ಸಣ್ಣದೊಂದು ಆಪರೇಷನ್ ಮಾಡಿ ಒಳಗಿನ ಎರಡು ರಕ್ತನಾಳಗಳನ್ನು ಜೋಡಿಸಿದರು. ಡಾಕ್ಟರು ಅದರ ಹೆಸರು ಫಿಸ್ಟುಲಾ ಎಂದರು, ಶಕುಂತಲಾಬಾಯಿಗೆ ಅದು ಪಿಸ್ತೂಲ್ ಎಂದು ಕೇಳಿಸಿತು. ಓಣಿಯವರಿಗೂ ಹಾಗೆಯೇ ಹೇಳಿದಳು. ಮಹಾರುದ್ರಪ್ಪ ಬಂದವರಿಗೆಲ್ಲ, "ದೂರ ಕೂಡ್ರಿ, ನಮ್ಮಾಕಿ ಕೈಯಾಗ ಪಿಸ್ತೂಲ್ ಅದ" ಎಂದು ಹೆದರಿಸಿ ನಗಿಸುತ್ತಿದ್ದ. ನಗು ಮುಗಿದ ಮೇಲೆ ಅಂಗಡಿಯ ಒಳಕ್ಕೆ ಹೋಗಿ ಸುಮ್ಮನೆ ತಂಬಿಗೆಗಳನ್ನು ಒರೆಸುತ್ತ ನಿಲ್ಲುತ್ತಿದ್ದ.

ಹೊಲಿಗೆ ಬಿಚ್ಚಿದ ಮೇಲೆ ಒಂದು ಮುಂಜಾನೆ ಶಕುಂತಲಾಬಾಯಿ ಕೈಯನ್ನು ತಲೆದಿಂಬಿನ ಮೇಲೆ ಇಟ್ಟು ಮಲಗಿದ್ದಾಗ ಕಿವಿಯ ಹತ್ತಿರ ಗುಂಯ್ ಗುಂಯ್ ಎಂದಿತು. ಗಿರಣಿ ಇಷ್ಟು ಬೇಗ ಶುರುವಾಯಿತೇ ಎಂದುಕೊಂಡಳು. ಕೈ ದೂರ ಸರಿಸಿದರೆ ಸದ್ದಿಲ್ಲ, ಹತ್ತಿರ ತಂದರೆ ಸದ್ದು. ಎದ್ದು ಕುಳಿತು ಗಂಡನನ್ನು ಅಲುಗಿಸಿದಳು. "ಕೇಳ್ರಿ ಇಲ್ಲಿ. ಗಿರಣಿ ನನ್ನ ಕೈಯಾಗ ಬಂದು ಕುಂತದ."

ಅವತ್ತಿನಿಂದ ಅವನು ಹಲ್ಲುಜ್ಜುವ ಮೊದಲೇ ಕೇಳುವುದು ರೂಢಿಯಾಯಿತು: "ಗಿರಣಿ ನಡದದೇನು?" ಅವಳು ಮಣಿಕಟ್ಟನ್ನು ಕಿವಿಗೆ ಹಚ್ಚಿ ಹೇಳುವಳು: "ನಡದದ."

ಡಾಕ್ಟರು ಬಿಗಿಯಾಗಿ ಹೇಳಿ ಕಳಿಸಿದ್ದರು. ಆ ಕೈಯಿಂದ ಭಾರ ಎತ್ತಬಾರದು, ಆ ಕೈ ಅಡಿಗೆ ಹಾಕಿ ಮಲಗಬಾರದು, ಬಿಪಿ ನೋಡಲೂ ಆ ಕೈ ಕೊಡಬಾರದು, ಬಿಗಿಯಾದದ್ದು ಏನನ್ನೂ ಕಟ್ಟಬಾರದು. ಬಳೆ ಬೇಡವೇ ಬೇಡ. ಸದ್ದು ನಿಂತರೆ ಬಾಗಿಲು ಮುಚ್ಚಿತೆಂದೇ ಅರ್ಥ. ಇನ್ನೊಂದು ಬಾಗಿಲು ತೆರೆಯುವುದು ಸುಲಭವಲ್ಲ.

ಬಳೆಯ ಮಾತೇ ಕಠಿಣವಾಯಿತು. ಗಂಡ ಗಟ್ಟಿಮುಟ್ಟಾಗಿರುವ ಹೆಂಗಸು ಒಂದು ಕೈ ಬರಿದು ಮಾಡಿಕೊಂಡು ಓಣಿಯಲ್ಲಿ ಓಡಾಡುವುದೆಂದರೇನು? ಎಡಗೈಯ ಹಸಿರು ಬಳೆಗಳನ್ನು ಒಡೆಯದೆ, ಸಾಬೂನು ಹಚ್ಚಿ ಒಂದೊಂದಾಗಿ ಜಾರಿಸಿ, ಅವನ್ನೂ ಬಲಗೈಗೇ ಏರಿಸಿಕೊಂಡಳು. ಬಲಗೈ ಮೊಣಕೈವರೆಗೆ ಗಲಗಲ, ಎಡಗೈ ಬೋಳು. ಮಹಾರುದ್ರಪ್ಪನ ತಂಗಿ, ರಾಜೇಶ್ವರದ ಲಲಿತಾಬಾಯಿ, ನೋಡಲು ಬಂದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಇದೇನ ವೈನಿ? ಅಣ್ಣ ಕಣ್ಣ ಮುಂದ ಕುಂತಾನ, ನೀ ಅರ್ಧಾ ರಂಡಿ ಆಗೀದಿಯಲ್ಲ!"

"ಆ ಅರ್ಧಾ ಕೈಲೇ ನಿಮ್ಮ ಅಣ್ಣನ ಸಂಸಾರ ನಡದದ ಲಲಿತಾ" ಎಂದು ಶಕುಂತಲಾಬಾಯಿ ನಕ್ಕಳು. ವೈನಿ ಎಂದರೆ ಅಣ್ಣನ ಹೆಂಡತಿ. ಆ ಕರೆಯುವಿಕೆಯಲ್ಲಿ ಗೌರವಕ್ಕೂ ಕುಟುಕಿಗೂ ಜಾಗವಿರುತ್ತದೆ, ಲಲಿತಾಬಾಯಿ ಎರಡಕ್ಕೂ ಬಳಸುತ್ತಿದ್ದಳು.

ಶಕುಂತಲಾಬಾಯಿಗೆ ಮಕ್ಕಳಿರಲಿಲ್ಲ. ಲಲಿತಾಬಾಯಿಯ ಮಗಳು ಭುವನೇಶ್ವರಿ ಕಾಲೇಜಿಗೆಂದು ಬಸವಕಲ್ಯಾಣಕ್ಕೆ ಬಂದು ಸೋದರಮಾವನ ಮನೆಯಲ್ಲೇ ಇದ್ದಳು. ಹುಡುಗಿಗೆ ಮಾಮಿಯೆಂದರೆ ಜೀವ. ಸೊಲ್ಲಾಪುರದ ಬಸ್ಸಿನಲ್ಲಿ ಮಾಮಿಯ ಪಕ್ಕ ಕೂತು, ತಿರುವುಗಳಲ್ಲಿ ಆ ಎಡಗೈ ಯಾರಿಗೂ ತಾಗದಂತೆ ತನ್ನ ಎರಡು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದವಳು ಅವಳೇ. ಆಮೇಲೆ ಹುಮನಾಬಾದಿನ ಒಂದು ಖಾಸಗಿ ದವಾಖಾನೆಗೇ ಮಷಿನ್ ಬಂತು. ಸೊಲ್ಲಾಪುರ ತಪ್ಪಿತು, ಜೀವ ಅರ್ಧ ಹಗುರವಾಯಿತು.

ಅಲ್ಲಿ ಮಷಿನ್ ನೋಡಿಕೊಳ್ಳುವವನು ಅಜೀಮುದ್ದೀನ್. ಹೈದರಾಬಾದಿನಲ್ಲಿ ಕಲಿತು ಬಂದವನು, ನಡುವಯಸ್ಸು, ಮೆಲ್ಲಗೆ ಮಾತಾಡುವವನು. ಸುತ್ತಲಿನ ಹಳ್ಳಿಗಳ ಹುಡುಗಿಯರಿಗೆ ಆ ಕೆಲಸ ಕಲಿಸುವುದಕ್ಕೆ ದವಾಖಾನೆಯವರು ಅವನನ್ನೇ ನೇಮಿಸಿದರು. ಕಲಿಯುವವರಿಗೆ ಅವನು ಮೊದಲ ತಿಂಗಳುಗಳಲ್ಲಿ ಸೂಜಿ ಮುಟ್ಟಲೂ ಕೊಡುತ್ತಿರಲಿಲ್ಲ. ಕೈ ತೊಳೆಯುವುದು, ನೀರು ಶುದ್ಧ ಮಾಡುವ ಮಷಿನ್ ನೋಡುವುದು, ರೋಗಿಯ ತೂಕ ಹಿಡಿಯುವುದು, ಮತ್ತೆ ಕೇಳುವುದು. ರೋಗಿಯ ಕೈ ಮೇಲೆ ಸ್ಟೆತಾಸ್ಕೋಪ್ ಇಟ್ಟು ಒಳಗಿನ ಸದ್ದು ಜೋರಿದೆಯೋ, ಸೀಟಿಯಂತೆ ಸಣ್ಣಗಾಗಿದೆಯೋ, ತಡೆದು ತಡೆದು ಬರುತ್ತಿದೆಯೋ ಹೇಳಬೇಕು.

"ಗೊತ್ತಾಗಲಿಲ್ಲ ಅಂದ್ರ ಗೊತ್ತಾಗಲಿಲ್ಲ ಅನ್ರಿ, ನಾ ಮತ್ತ ಕಲಸ್ತೀನಿ" ಎನ್ನುತ್ತಿದ್ದ. "ಆದ್ರ ಗೊತ್ತಿದ್ದೂ ಬಾಯಿ ಮುಚ್ಚಬ್ಯಾಡ್ರಿ. ಈ ಖೋಲಿಯಾಗ ಅದು ನಡಿಯಂಗಿಲ್ಲ."

ಮಾಮಿಯ ಜೊತೆ ಬಂದು ಮೂಲೆಯಲ್ಲಿ ಕೂರುತ್ತಿದ್ದ ಭುವನೇಶ್ವರಿ ಇದನ್ನೆಲ್ಲ ನೋಡಿ ನೋಡಿ ಒಂದು ದಿನ ಬಸ್ಸಿನಲ್ಲಿ, "ಮಾಮಿ, ನಾನೂ ಇದನ್ನ ಕಲೀಲೇನು?" ಎಂದಳು. ಲಲಿತಾಬಾಯಿ ಕೇಳಿದವಳೇ ಕೆಂಡವಾದಳು. ಯಾರ್ಯಾರದೋ ರಕ್ತ, ಯಾರ್ಯಾರದೋ ಉಚ್ಚಿ, ಗಂಡಸರ ಕೈ ಹಿಡಿಯುವ ಕೆಲಸ, ನಾಳೆ ಹುಡುಗಿಯನ್ನು ಯಾರು ಮಾಡಿಕೊಂಡಾರು? ಶಕುಂತಲಾಬಾಯಿ ನಾದಿನಿಯ ಮುಂದೆ ತನ್ನ ಎಡಗೈ ಚಾಚಿದಳು. "ಇದನ್ನ ನೋಡು. ಅಜೀಮ್ ಭಾಯಿ ಒಬ್ಬಾಂವ ಇಲ್ಲಂದ್ರ ನಾ ಇವತ್ತ ಇಲ್ಲ. ಅಂಥಾ ವಿದ್ಯಾ ನಿನ್ನ ಮಗಳಿಗಿ ಬರ್ತದಂದ್ರ ಅಡ್ಡ ಬರಬ್ಯಾಡ." ಮಹಾರುದ್ರಪ್ಪನೂ ದನಿಗೂಡಿಸಿದ. ಎರಡು ಸಾವಿರದ ಎರಡರಲ್ಲಿ ಭುವನೇಶ್ವರಿ ತರಬೇತಿಗೆ ಸೇರಿದಳು.

ಶಕುಂತಲಾಬಾಯಿಯ ಕೈಯ ಸದ್ದು ಆ ದವಾಖಾನೆಯಲ್ಲೇ ಎಲ್ಲರಿಗಿಂತ ಜೋರು. ಹುಡುಗಿಯರಿಗೆ ಕಲಿಸಲು ಅಂಥ ಕೈ ಇನ್ನೊಂದಿರಲಿಲ್ಲ. "ಅಕ್ಕಾ, ಸ್ವಲ್ಪ ಪಾಠಕ್ಕ ಕೊಡ್ರಿ" ಎಂದು ಅಜೀಮುದ್ದೀನ್ ಕೇಳಿದರೆ ಆಕೆ ಸೆರಗು ಸರಿಸಿ ಕೈ ನೀಡುವಳು. ಹುಡುಗಿಯರು ಸರದಿಯಲ್ಲಿ ಬಂದು ಕೇಳುವರು. ಒಬ್ಬಳು ಹೊಳೆ ಹರಿದಂತೆ ಎನ್ನುವಳು, ಒಬ್ಬಳು ದುಂಬಿಯಂತೆ ಎನ್ನುವಳು. ಭುವನೇಶ್ವರಿ ಮಾತ್ರ ಸ್ಟೆತಾಸ್ಕೋಪ್ ಇಡದೆ, ಬೆರಳ ತುದಿಯಿಂದಲೇ ಮುಟ್ಟಿ ಕಣ್ಣು ಮುಚ್ಚಿ, "ಗಿರಣಿ ನಡದದ್ರಿ ಸರ್, ಜೋಳಾ ಬೀಸಾಕತ್ತಾರ" ಎಂದು ಎಲ್ಲರನ್ನೂ ನಗಿಸುವಳು.

ಮೊದಲ ಸಲ ಸೂಜಿ ಹಾಕುವ ದಿನ ಬಂದಾಗ ಅವಳಿಗೆ ಮಾಮಿಯ ಕೈಯೇ ಸಿಕ್ಕಿತು. ಅದು ಶಕುಂತಲಾಬಾಯಿಯೇ ಕೇಳಿ ಪಡೆದದ್ದು. "ಬ್ಯಾರೇ ಮಂದಿ ಬೈದಾರು, ಕೂಸು ಅಂಜೀತು. ನನ್ನ ಕೈ ಮ್ಯಾಲ ಕಲೀಲಿ." ಸೂಜಿ ನಾಳ ಬಿಟ್ಟು ಪಕ್ಕಕ್ಕೆ ಹೋಯಿತು, ಮತ್ತೊಮ್ಮೆ ಹಾಕಿದಾಗ ಆಚೆ ಗೋಡೆ ತೂರಿತು. ನೋಡುನೋಡುತ್ತ ತೋಳು ಬದನೆಕಾಯಿಯಂತೆ ಕಪ್ಪಗೆ ಊದಿಕೊಂಡಿತು. ಭುವನೇಶ್ವರಿ ಅಳಲು ಶುರುಮಾಡಿದಳು. ಶಕುಂತಲಾಬಾಯಿ ಹಲ್ಲು ಕಚ್ಚಿ, "ಅಳ್ಕೋತ ಕುಂತ್ರ ನಾಳ ತಾನೇ ಬಂದು ಸೂಜಿ ಹೊಗತದೇನ? ಮಾರಿ ಒರಸ್ಕೋ, ಮತ್ತ ಹಾಕು" ಎಂದಳು. ಮನೆಯಲ್ಲಿ ಮಹಾರುದ್ರಪ್ಪ ಗಾಬರಿಯಾಗಿ ಕೇಳಿದ್ದಕ್ಕೆ, ಬಸ್ಸಿನ ಬಾಗಿಲಿಗೆ ಬಡಿಯಿತೆಂದು ಸುಳ್ಳು ಹೇಳಿದಳು. ಗಂಡನ ಅಂಗಡಿಗಾಗಿಯೂ ಸುಳ್ಳು ಹೇಳದ ಹೆಂಗಸು ಆ ಹುಡುಗಿಗಾಗಿ ಹೇಳಿದಳು. ಚಳಿಗಾಲ ಬರುವಷ್ಟರಲ್ಲಿ ಭುವನೇಶ್ವರಿಯ ಕೈ ಎಷ್ಟು ಹದವಾಯಿತೆಂದರೆ ಸೂಜಿ ಹೋದದ್ದು ಶಕುಂತಲಾಬಾಯಿಗೆ ತಿಳಿಯುತ್ತಲೇ ಇರಲಿಲ್ಲ.

ಅಷ್ಟರಲ್ಲಿ ಬೇಮಳಖೇಡದಿಂದ ಸಂಬಂಧ ಬಂತು. ಹೊಲಮನೆ ಇದ್ದ ದೊಡ್ಡ ಕುಟುಂಬ. ಹುಡುಗ ಬಸವಕುಮಾರ, ಅವನ ತಾಯಿ ವಿದ್ಯಾವತಿ. ಲಲಿತಾಬಾಯಿ ಅವರ ಮುಂದೆ ಮಗಳು ಬಿ.ಎ. ಕಲಿಯುತ್ತಿದ್ದಾಳೆಂದು ಹೇಳಿದಳು, ದವಾಖಾನೆಯ ಸುದ್ದಿಯನ್ನೇ ಎತ್ತಲಿಲ್ಲ. ಆಮೇಲೆ ಬಸವಕಲ್ಯಾಣಕ್ಕೆ ಬಂದು ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಅಣ್ಣನ ಹೆಂಡತಿಯ ಗಲ್ಲ ಹಿಡಿದಳು.

"ವೈನಿ, ನಿನ್ನ ಕಾಲ ಬೀಳ್ತೀನಿ. ಮದವಿ ಮುಗಿಯೂತನಕ ನಿನ್ನ ಬ್ಯಾನಿ ಸುದ್ದಿ ತಗೀಬ್ಯಾಡ. ಇವರ ಮನಿತನದಾಗ ಗುರ್ದಾ ಬ್ಯಾನಿ ಅದ, ಹುಡುಗಿಗೂ ಬಂದೀತು ಅಂತ ಅವರು ಎದ್ದು ಹೋದ್ರ ನಾ ಏನ ಮಾಡ್ಲಿ?"

"ನಾ ನಿಮ್ಮ ಮನಿಗಿ ಬಂದಾಕಿ. ನನ್ನ ರಕ್ತ ನಿನ್ನ ಮಗಳಿಗಿ ಹ್ಯಾಂಗ ಹರೀತದ?"

"ಅದು ನಂಗ ಗೊತ್ತದ, ನಿಂಗ ಗೊತ್ತದ. ಅವರಿಗಿ ಹೇಳಿಸೂದು ಯಾರ ಬಾಯಿಲೆ?"

ಶಕುಂತಲಾಬಾಯಿ ಒಪ್ಪಿದಳು. ತೋಳು ಮುಚ್ಚುವ ಉದ್ದ ಕುಪ್ಪಸ ಹೊಲಿಸಿಕೊಂಡಳು. ಬಳೆಯ ಯೋಚನೆ ಆ ಹೊತ್ತಿಗೆ ಅವಳಿಗೂ ಬರಲಿಲ್ಲ.

ಮದುವೆ ರಾಜೇಶ್ವರದಲ್ಲಿ. ಹಿಂದಿನ ದಿನವೇ ಹುಮನಾಬಾದಿಗೆ ಹೋಗಿ ರಕ್ತ ತೊಳೆಸಿಕೊಂಡು ಬಂದಿದ್ದರಿಂದ ಆಕೆಯ ಮೈಯಲ್ಲಿ ಕಸುವಿರಲಿಲ್ಲ, ಬಿಪಿ ಇಳಿದು ಕಣ್ಣು ಕತ್ತಲಿಡುತ್ತಿತ್ತು. ಮುಂಜಾನೆ ಸುರಗಿ ಶಾಸ್ತ್ರ. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಐದು ಮಂದಿ ಮುತ್ತೈದೆಯರು ಸುತ್ತ ನೂಲು ಸುತ್ತಿ, ಒಳಗೆ ಮದುಮಗಳನ್ನು ಕೂರಿಸಿ ನೀರೆರೆಯಬೇಕು. ನೂಲು ಮೊದಲು ಹಿಡಿಯುವವಳು ಸೋದರಮಾವನ ಹೆಂಡತಿ. ಅದಕ್ಕೂ ಮುಂಚೆ ಐವರಿಗೂ ಗಂಡಿನ ಕಡೆಯವರು ತಂದ ಹಸಿರು ಬಳೆ ಏರಿಸಬೇಕು.

ಬಳೆ ಇಡುವ ಮನಿಯಾರ ಜಲಾಲುದ್ದೀನ್ ಚಾಪೆ ಹಾಸಿ ಕೂತಿದ್ದ. ಶಕುಂತಲಾಬಾಯಿ ಬಲಗೈ ಕೊಟ್ಟಳು. ಅದು ಮುಗಿದ ಮೇಲೆ ಎಡಗೈಯನ್ನು ಸೆರಗಿನೊಳಗೇ ಇಟ್ಟುಕೊಂಡು, "ಸಾಕ್ರಿ, ಈ ಕೈಗಿ ಬ್ಯಾಡ" ಎಂದಳು.

ಬೀಗಿತಿ ವಿದ್ಯಾವತಿಯ ಮುಖ ಸಪ್ಪಗಾಯಿತು. "ಯಾಕ್ರಿ? ನಾವು ತಂದ ಬಳಿ ಮನಸಿಗಿ ಬರಲಿಲ್ಲೇನು? ಒಂದು ಕೈ ಬೋಳ ಇಟ್ಕೊಂಡು ಸುರಗಿ ನೂಲ ಹಿಡೀತೀರಿ? ನನ್ನ ಮಗನ ಆಯುಷ್ಯ ಅದರಾಗ ಅದ."

ಲಲಿತಾಬಾಯಿ ಹಿಂದಿನಿಂದ ಬಂದು, ಬಾಯಲ್ಲಿ ನಗು ಕಣ್ಣಲ್ಲಿ ಬೆಂಕಿ ಇಟ್ಟುಕೊಂಡು, ಆ ಎಡಗೈಯನ್ನು ಸೆರಗಿನಿಂದ ಹೊರಗೆಳೆದು ಮನಿಯಾರನ ಮುಂದಿಟ್ಟಳು. ಅವನು ಹಿಡಿದ, ಹಿಡಿದವನೇ ಬಿಟ್ಟ.

"ಯಮ್ಮಾ! ಈ ಕೈ ಗುಂಯ್ ಅನ್ನಾಕತ್ತದಲ್ಲ? ಒಳಗ ಜೇನ ಹೊಕ್ಕಂಗ ಆಗ್ಯಾದ. ಇಷ್ಟ ಮಂದಿ ಕೈ ಹಿಡದೀನಿ, ಇಂಥಾದ್ದ ಕಂಡಿಲ್ಲ."

ಹೆಂಗಸರೆಲ್ಲ ಕತ್ತು ಚಾಚಿದರು. ವಿದ್ಯಾವತಿ ಹತ್ತಿರ ಬಂದು, "ಏನದು? ಏನರ ಬ್ಯಾನಿ ಅದ ಏನು?" ಎಂದಳು.

ಶಕುಂತಲಾಬಾಯಿ ಸುತ್ತಲಿನ ಮುಖಗಳನ್ನು ನೋಡಿದಳು. ನಾದಿನಿಗೆ ಕೊಟ್ಟ ಮಾತು ಒಂದು ಕಡೆ, ಕೈ ಒಂದು ಕಡೆ. ಎದುರಿಗೇ ಅರಿಶಿಣ ಹಚ್ಚಿಸಿಕೊಂಡು ಕೂತಿದ್ದ ಭುವನೇಶ್ವರಿಯನ್ನು ನೋಡಿದಾಗ ಅವಳಿಗೆ ಉಸಿರು ಬಂತು. ಈ ಮನೆತುಂಬ ಇರುವ ಮಂದಿಯಲ್ಲಿ ತಿಳಿದವಳು ಒಬ್ಬಳಿದ್ದಾಳಲ್ಲ. ಬ್ಯಾನಿಯ ಹೆಸರೆತ್ತದೆ ಏನಾದರೊಂದು ನೆಪ ಹೇಳಿ ಬಿಡಿಸುತ್ತಾಳೆ.

"ಭುವ್ವಿ, ನೀನೇ ಹೇಳವಾ. ಈ ಕೈಗಿ ಬಳಿ ಬ್ಯಾಡಂತ ನಿಂಗ ಗೊತ್ತದಲ್ಲ."

ಭುವನೇಶ್ವರಿ ಒಮ್ಮೆ ತಾಯಿಯ ಮುಖ ನೋಡಿದಳು, ಒಮ್ಮೆ ಅತ್ತೆಯಾಗುವವಳ ಮುಖ ನೋಡಿದಳು. ಆಮೇಲೆ ಕೈ ಚಾಚಿ, ದವಾಖಾನೆಯ ಖೋಲಿಯಲ್ಲಿ ಮಾಡುತ್ತಿದ್ದಂತೆಯೇ ಬೆರಳ ತುದಿಯನ್ನು ಮಾಮಿಯ ಮಣಿಕಟ್ಟಿನ ಮೇಲಿಟ್ಟಳು.

"ಅದು ನಾಡಿ" ಎಂದಳು. "ಎಲ್ಲರಿಗೂ ಇರ್ತದ. ನಮ್ಮ ಮಾಮಿಗಿ ಅಂಜಿಕಿ ಭಾಳ, ಅದಕ್ಕ ಜೋರ ಬಡ್ಯಾಕತ್ತದ. ನಂಗೇನ ಗೊತ್ತದ ಮಾಮಿ, ನಾ ಏನ ಡಾಕ್ಟರ್ ಇದ್ದೀನೇನು? ಹಾಕ್ರಿ ಮನಿಯಾರ್ ಸಾಬ್, ಏನ ಆಗಂಗಿಲ್ಲ."

ಹೆಂಗಸರು ನಕ್ಕರು. ಅವಳ ದನಿ ಎಷ್ಟು ಖಾತ್ರಿಯಾಗಿತ್ತೆಂದರೆ ಒಂದು ಗಳಿಗೆ ಶಕುಂತಲಾಬಾಯಿಗೇ ಅನುಮಾನ ಹುಟ್ಟಿತು. ಕಲಿತ ಹುಡುಗಿ, ಒಂದು ದಿನಕ್ಕೆ ಏನೂ ಆಗದೆಂದು ಗೊತ್ತಿದ್ದೇ ಹೇಳಿರಬೇಕು. ಬೇರೆ ಯಾರು ಹೇಳಿದ್ದರೂ ಆಕೆ ಕೈ ಕಸಿದುಕೊಳ್ಳುತ್ತಿದ್ದಳು. ಹೇಳಿದವಳು ಅವಳಾದ್ದರಿಂದ ಕೈ ಬಿಟ್ಟುಕೊಟ್ಟಳು.

ಬಳೆ ಸಣ್ಣ ಅಳತೆಯವು. ಮನಿಯಾರ ಸಾಬೂನು ಹಚ್ಚಿ, ಬೆರಳು ಮಡಚಿ, ಅಲ್ಲಾನ ಹೆಸರು ಹೇಳುತ್ತ ಒಂದೊಂದನ್ನೇ ನೂಕಿದ. ಮಣಿಕಟ್ಟಿನ ಆ ಉಬ್ಬಿನ ಮೇಲೆ ಅವು ಒಂದರ ಪಕ್ಕ ಒಂದು ಕಚ್ಚಿ ಕೂತವು.

ಸುರಗಿ ಆಯಿತು. ಮಧ್ಯಾಹ್ನದ ಹೊತ್ತಿಗೆ ಕೈ ಜುಮುಗುಟ್ಟತೊಡಗಿತು. ಶಕುಂತಲಾಬಾಯಿ ಮೂಲೆಗೆ ಹೋಗಿ ಮಣಿಕಟ್ಟನ್ನು ಕಿವಿಗೆ ಹಚ್ಚಿದಳು. ಹೊರಗೆ ಬ್ಯಾಂಡು, ಒಳಗೆ ಪಾತ್ರೆಗಳ ಗದ್ದಲ, ಕೈಯ ಸದ್ದು ಇದೆಯೋ ಇಲ್ಲವೋ ತಿಳಿಯಲಿಲ್ಲ. ಮಹಾರುದ್ರಪ್ಪನನ್ನು ಕರೆಸಿ ಕೈ ತೋರಿಸಿದಳು. "ಇವನ್ನ ಒಡೀತೀನ್ರಿ."

ಅವನು ಮುತ್ತಿಕೊಂಡಿದ್ದ ಮಂದಿಯ ಕಡೆ ನೋಡಿ ದನಿ ತಗ್ಗಿಸಿದ. "ಅಕ್ಕಿಕಾಳ ಬೀಳೂದಕ್ಕ ಮೊದಲು ಮದವಿ ಮನಿಯಾಗ ಬಳಿ ಒಡದ್ರ ಏನಂದಾರು? ಸೋದರಮಾವನ ಹೇಣ್ತೀನೇ ಅಪಶಕುನಾ ಮಾಡಿದ್ಳು ಅಂದಾರು. ಒಂದು ದಿನಾ ತಡಕೋ. ಭುವ್ವೀನೂ ಏನಾಗಂಗಿಲ್ಲ ಅಂದಾಳಂತಲ್ಲ."

ಮದುಮಕ್ಕಳ ಮೇಲೆ ಅಕ್ಕಿಕಾಳು ಬಿದ್ದವು. ಊಟ, ಉಡುಗೊರೆ, ಹೆಣ್ಣು ಒಪ್ಪಿಸುವ ಶಾಸ್ತ್ರ ಎಲ್ಲ ಮುಗಿಯುವಾಗ ಆಕೆಗೆ ತಲೆ ಎತ್ತಲಾಗದೆ ಬಿದ್ದಲ್ಲೇ ನಿದ್ದೆ ಹತ್ತಿತು. ಮರುದಿನ ಮುಂಜಾನೆ, ದಿಬ್ಬಣ ಹೋಗಿ ಮನೆ ಬರಿದಾದ ಮೇಲೆ, ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೈಯಿಟ್ಟು ಬಳೆಗಳನ್ನು ಒಡೆದಳು. ಮಣಿಕಟ್ಟಿನಲ್ಲಿ ಕೆಂಪು ಬರೆ ಬಿದ್ದಿತ್ತು. ಕಿವಿಗೆ ಹಚ್ಚಿದಳು. ಹಕ್ಕಿ ಕೂಗಿದ್ದು ಕೇಳಿಸಿತು, ಬಾವಿಗೆ ಕೊಡ ಬಿಟ್ಟದ್ದು ಕೇಳಿಸಿತು, ದೂರದ ಹೆದ್ದಾರಿಯಲ್ಲಿ ಲಾರಿ ಹೋದದ್ದು ಕೇಳಿಸಿತು. ಕೈ ಮಾತ್ರ ಒಡೆದ ಕೊಡದಂತೆ ಸುಮ್ಮನಿತ್ತು.

ಮಹಾರುದ್ರಪ್ಪ ಬೇವಿನಕಡ್ಡಿ ಕಚ್ಚಿಕೊಂಡು ಬಂದು ರೂಢಿಯಂತೆ, "ಗಿರಣಿ ನಡದದೇನು?" ಎಂದ.

"ನಿಂತದ" ಎಂದಳು.

ಜೀಪು ಮಾಡಿಕೊಂಡು ಹುಮನಾಬಾದಿಗೆ ಹೋದರು. ಅಜೀಮುದ್ದೀನ್ ಮಣಿಕಟ್ಟಿನಿಂದ ಮೊಣಕೈವರೆಗೆ ಬೆರಳಿನಷ್ಟು ಬೆರಳಿನಷ್ಟು ದೂರ ಸ್ಟೆತಾಸ್ಕೋಪ್ ಸರಿಸುತ್ತ ಕೇಳಿದ. ಮುಗಿಸಿ, ಮತ್ತೆ ಮೊದಲಿನಿಂದ ಕೇಳಿದ. ಆಮೇಲೆ ಬರೆಯ ಮೇಲೆ ಬೆರಳಾಡಿಸಿದ.

"ಬಳಿ?"

"ಹೌದ್ರಿ. ಮದವ್ಯಾಗ."

"ಭುವನೇಶ್ವರಿ ಇರಲಿಲ್ಲೇನು ಅಲ್ಲಿ?"

ಶಕುಂತಲಾಬಾಯಿ ಗೋಡೆಯ ಕಡೆ ನೋಡಿದಳು. "ಇದ್ಳು" ಎಂದಳು. ಅವನು ಸ್ಟೆತಾಸ್ಕೋಪನ್ನು ಮಡಚಿ ಕಿಸೆಗೆ ಹಾಕಿಕೊಳ್ಳಲು ಹೋದ, ಅದು ಕಿಸೆ ತಪ್ಪಿ ಕೆಳಗೆ ಬಿತ್ತು.

ಸೊಲ್ಲಾಪುರದಲ್ಲಿ ತೆರೆದು ನೋಡಿದರು, ನಾಳದುದ್ದಕ್ಕೂ ರಕ್ತ ಹೆಪ್ಪುಗಟ್ಟಿತ್ತು. ಆ ಬಾಗಿಲು ಉಳಿಯಲಿಲ್ಲ. ಕುತ್ತಿಗೆಗೆ ನಳಿಗೆ ಹಾಕಿದರು. ಅದರಿಂದ ಜ್ವರ, ಚಳಿ, ಹಗಲು ರಾತ್ರಿ ತಿಳಿಯದ ಮಬ್ಬು. ಒಮ್ಮೆಯಂತೂ, ಇನ್ನು ಬದುಕಲಾರಳೆಂದು ಮಹಾರುದ್ರಪ್ಪ ಊರಿಗೆ ಹೇಳಿ ಕಳಿಸುವವರೆಗೂ ಹೋಗಿತ್ತು. ಆ ಮಬ್ಬಿನಲ್ಲೂ ಅವಳ ಕಿವಿಗೆ ಬಡಿಯುತ್ತಿದ್ದುದು ಅದೊಂದೇ ಮಾತು, ಆ ಖಾತ್ರಿಯ ದನಿಯಲ್ಲಿ: ಅದು ನಾಡಿ, ಎಲ್ಲರಿಗೂ ಇರ್ತದ. ಬರಿಯ "ಗೊತ್ತಿಲ್ಲ" ಎಂದಿದ್ದರೂ ನುಂಗಿಕೊಳ್ಳಬಹುದಿತ್ತು. ಅಂಜಿದಳು, ಮದುವೆಯ ಹುಡುಗಿ, ಪಾಪ ಎನ್ನಬಹುದಿತ್ತು. ಆದರೆ ಅವಳು ಬೆರಳಿಟ್ಟು ನೋಡಿದ್ದಳು. ಗಿರಣಿ ನಡೆದದ್ದು ಅವಳ ಬೆರಳಿಗೆ ತಿಳಿದಿತ್ತು. ಅದೇ ಬೆರಳು ಇಟ್ಟುಕೊಂಡು ಆ ಮಾತು ಹೇಳಿದಳಲ್ಲ.

ಕೊನೆಗೆ ಬಲಗೈಯಲ್ಲಿ ಹೊಸ ಬಾಗಿಲು ಮಾಡಿದರು. ಈಗ ಬಲಗೈಯ ಬಳೆಗಳು ಇಳಿದವು. ಎಡಗೈಗೆ ಇನ್ನು ಯಾವ ಅಡ್ಡಿಯೂ ಇರಲಿಲ್ಲ, ಎಲ್ಲವನ್ನೂ ಆ ಕೈಗೇ ಏರಿಸಿಕೊಂಡಳು. ಹೊಸ ಕೈಯ ಸದ್ದು ಸಣ್ಣದು, ತೆಳ್ಳಗೆ, ಯಾರೋ ಬಾಗಿಲ ಸಂದಿನಲ್ಲಿ ಉಸಿರು ಬಿಟ್ಟಂತೆ. ಮಹಾರುದ್ರಪ್ಪ ಮುಂಜಾನೆ ಎದ್ದು ಅವಳ ಮುಖ ನೋಡುತ್ತಿದ್ದ, ಕೇಳುತ್ತಿರಲಿಲ್ಲ. ಅವಳೂ ತಾನಾಗಿ ಹೇಳಲಿಲ್ಲ.

ಲಲಿತಾಬಾಯಿ ಬೆಲ್ಲ ಕೊಬ್ಬರಿ ತಗೊಂಡು ನೋಡಲು ಬಂದಳು. ಹೊಸ್ತಿಲು ದಾಟುವ ಮೊದಲೇ ಶುರು ಮಾಡಿದಳು. "ಹುಡುಗಿ ಸಣ್ಣಾಕಿ ವೈನಿ, ಆ ಗದ್ದಲದಾಗ ತಿಳೀಲಿಲ್ಲ. ಬ್ಯಾನಿ ಅಂತೂ ನಿಂಗ ಮೊದಲೇ ಇತ್ತಲ್ಲ. ಬೇಮಳಖೇಡದವರ ಮುಂದ ಈ ಮಾತ ಬರೂದು ಬ್ಯಾಡ, ಕೂಸಿನ ಸಂಸಾರ..." ಅಷ್ಟು ಹೇಳಿ, ಸುಮ್ಮನಿರಲಾಗದೆ ಎಡಗೈ ನೋಡಿ, "ಹೂಂ, ಈಗ ಈ ಕೈ ತುಂಬ್ಯಾದ, ಚೆಂದ ಕಾಣಸ್ತದ" ಎಂದಳು.

"ಹೌದು" ಎಂದಳು ಶ‌ಕುಂತಲಾಬಾಯಿ. "ಈ ಕೈಗಿ ಈಗ ಏನ ಹಾಕಿದ್ರೂ ನಡೀತದ."

ಲಲಿತಾಬಾಯಿ ಚಹಾ ಕುಡಿಯದೆ ಎದ್ದು ಹೋದಳು.

ಎರಡು ವರ್ಷ ಭುವನೇಶ್ವರಿಯ ಮುಖ ಕಾಣಲಿಲ್ಲ. ಮಾಮಿಗೆ ಜ್ವರ ಬಂದಾಗ ಬರಲಿಲ್ಲ, ಮಾಮಿ ಬದುಕಿದಳೆಂದು ತಿಳಿದಾಗಲೂ ಬರಲಿಲ್ಲ. ಅಷ್ಟರಲ್ಲಿ ವಿದ್ಯಾವತಿಯ ಅಣ್ಣನಿಗೇ ಗುರ್ದಾ ಕೆಟ್ಟು ಹುಮನಾಬಾದಿಗೆ ಬರುವಂತಾಯಿತು. ಅಲ್ಲಿ ಯಾರೋ, ನಿಮ್ಮ ಸೊಸೆ ಇಲ್ಲೇ ಕಲಿಯುತ್ತಿದ್ದಳಲ್ಲ ಎಂದುಬಿಟ್ಟರು. ಗುಟ್ಟು ಒಡೆದದ್ದಕ್ಕೆ ಮನೆ ಮುರಿಯಲಿಲ್ಲ, ತಿರುಗಾ ಮುರುಗಾ ಆಯಿತು. "ಇಂಥಾ ವಿದ್ಯಾ ಮುಚ್ಚಿಟ್ಟೀದಿಯಲ್ಲ ಹುಚ್ಚೀ, ಹೋಗಿ ಮುಗಸಿ ಬಾ" ಎಂದು ಅತ್ತೆಯೇ ಕಳಿಸಿದಳಂತೆ. ಈಗ ಬೇಮಳಖೇಡದಲ್ಲಿ ಬಂದವರಿಗೆಲ್ಲ ಸೊಸೆಯ ವಿದ್ಯೆಯನ್ನು ಹೊಗಳುವುದೇ ಕೆಲಸವಂತೆ.

ಈ ಸುದ್ದಿ ಶಕುಂತಲಾಬಾಯಿಗೆ ಗೊತ್ತಿರಲಿಲ್ಲ. ಹುಡುಗಿ ಮರಳಿ ಬಂದ ಮೊದಲ ದಿನ ದವಾಖಾನೆಯ ಮಂಚದ ಮೇಲೆ ಮಲಗಿ ಅಜೀಮುದ್ದೀನನಿಗಾಗಿ ಕಾಯುತ್ತಿದ್ದಾಗ ಪರಿಚಯದ ಹೆಜ್ಜೆ ಸಪ್ಪಳ ಕೇಳಿ ಕಣ್ಣು ತೆರೆದಳು. ಭುವನೇಶ್ವರಿ, ಬಿಳಿ ಕೋಟು, ಕೈಯಲ್ಲಿ ಸೂಜಿಯ ಟ್ರೇ. ಸ್ವಲ್ಪ ಮೈ ತುಂಬಿಕೊಂಡಿದ್ದಳು. ಹಿಂದೆ ಅಜೀಮುದ್ದೀನ್, ಅವನ ಪಕ್ಕದಲ್ಲಿ ತರಬೇತಿಗೆ ಹೊಸದಾಗಿ ಬಂದ ಸರ್ವರಿ ಎಂಬ ಹುಡುಗಿ. ಇನ್ನೂ ಬರೀ ಕೇಳುವುದನ್ನಷ್ಟೇ ಕಲಿತು ಮುಗಿಸಿದವಳು, ಸೂಜಿ ಮುಟ್ಟಿದವಳಲ್ಲ.

"ಮಾಮಿ" ಎಂದಳು ಭುವನೇಶ್ವರಿ. "ಆರಾಮ ಇದ್ದೀಯೇನು? ನಾ ಹಾಕ್ತೀನಿ ಮಾಮಿ. ನನ್ನ ಕೈ ನಿಂಗ ರೂಢಿ ಅದ."

ಶಕುಂತಲಾಬಾಯಿ ಸೆರಗು ಸರಿಸಿ ಬೋಳು ಬಲಗೈಯನ್ನು ಹೊರಗಿಟ್ಟಳು. "ಮೊದಲು ನೋಡು. ಒಳಗ ಏನ ಅನ್ನಾಕತ್ತದ ಹೇಳು."

ಹುಡುಗಿ ಟ್ರೇ ಕೆಳಗಿಟ್ಟು ಬೆರಳ ತುದಿ ಇಟ್ಟಳು. ಹಳೆಯ ದಿನ ಬಂತೆಂದು ತಿಳಿದಳೋ ಏನೋ, ಮುಖದಲ್ಲಿ ಸಣ್ಣದೊಂದು ನಗು ಬಂತು. "ಗಿರಣಿ ನಡದದ ಮಾಮಿ. ಸಣ್ಣಗ ನಡದದ."

"ಅಲ್ಲ" ಎಂದಳು ಶಕುಂತಲಾಬಾಯಿ. "ಅದು ನಾಡಿ. ಎಲ್ಲರಿಗೂ ಇರ್ತದ. ನಿಂಗ ಮರತದೇನು? ನಂಗ ಮರತಿಲ್ಲ."

ಭುವನೇಶ್ವರಿಯ ನಗು ಬಂದಲ್ಲಿಯೇ ಒಣಗಿತು. "ಮಾಮಿ, ಅವತ್ತ ಅವ್ವ... ನಾ ಅಂಜಿದ್ದೆ" ಎಂದಳು.

"ಅಂಜೂದಕ್ಕ ನಾ ಏನ ಅಂದಿಲ್ಲ. ಅಂಜಿ ನೀ ನನ್ನ ಕೈ ಮ್ಯಾಲ ಎಷ್ಟ ಸಲ ತಪ್ಪೀದಿ, ಏನರ ಅಂದೀನೇನು?" ಶಕುಂತಲಾಬಾಯಿ ಕೈ ಹಿಂದೆ ತೆಗೆದುಕೊಂಡಳು. "ಅಜೀಮ್ ಭಾಯಿ, ಆ ಹೊಸಾ ಹುಡುಗಿ ಬರ್ಲಿ. ನನ್ನ ಕೈ ಮ್ಯಾಲ ಆಕಿ ಕಲೀಲಿ."

"ಅಕ್ಕಾ, ಆಕಿ ಇನ್ನಾ ಒಮ್ಮೀನೂ ಹಾಕಿಲ್ಲ. ಇದು ಸಣ್ಣ ನಾಳ, ತಪ್ಪಿತಂದ್ರ..." ಅಜೀಮುದ್ದೀನ್ ಮಾತು ಅರ್ಧಕ್ಕೆ ನಿಲ್ಲಿಸಿದ. ಇಬ್ಬರ ಮುಖವನ್ನೂ ನೋಡಿದ. ಇದೊಂದೇ ಬಾಗಿಲು ಉಳಿದಿದೆ ಎಂದು ಆಕೆಗೆ ಹೇಳಿಕೊಡಬೇಕಾಗಿರಲಿಲ್ಲ. "ನಾ ಕೈ ಹಿಡದು ಹಾಕಸ್ತೀನಿ" ಎಂದ. "ಬಾ ಸರ್ವರಿ. ಭುವನೇಶ್ವರಿ, ನೀ ಪಟ್ಟಿ ಕತ್ತರಿಸಿ ಕೊಡು."

ಸರ್ವರಿ ಹಣೆಯ ಬೆವರು ತೋಳಿಗೆ ಒರೆಸಿಕೊಂಡು ಮುಂದೆ ಬಂದಳು. ಅಜೀಮುದ್ದೀನನ ಬೆರಳುಗಳು ಅವಳ ಬೆರಳ ಮೇಲಿದ್ದವು. ರಕ್ತ ಹೋಗಲೊಂದು, ಮರಳಿ ಬರಲೊಂದು ಸೂಜಿ; ಮೊದಲನೆಯದು ಒಳಗೆ ಹೋಗಿ ಅಡ್ಡ ತಿರುಗಿತು. ಉರಿ ಮೊಣಕೈವರೆಗೆ ಹರಿಯಿತು. ಶಕುಂತಲಾಬಾಯಿ ಎಡಗೈಯ ಬಳೆಗಳನ್ನು ಹೊಟ್ಟೆಗೆ ಒತ್ತಿ ಹಿಡಿದಳು. ಅವನು ಹುಡುಗಿಯ ಕೈಯನ್ನು ಕೂದಲೆಳೆಯಷ್ಟು ಹಿಂದೆ ಎಳೆಸಿ ಮತ್ತೆ ನೂಕಿಸಿದ. ನಳಿಗೆಯಲ್ಲಿ ಕೆಂಪು ಏರಿತು.

"ಅಮ್ಮಾರ, ನೋವಾತೇನ್ರಿ?" ಎಂದು ಸರ್ವರಿ ಅಳುಮೋರೆ ಮಾಡಿ ಕೇಳಿದಳು.

"ಆತು" ಎಂದಳು ಶಕುಂತಲಾಬಾಯಿ. "ಭಾಳ ಆತು. ಇನ್ನೊಂದ್ ಹಾಕು."

ಭುವನೇಶ್ವರಿ ಕತ್ತರಿಸಿದ ಪಟ್ಟಿಗಳನ್ನು ಬೆರಳ ತುದಿಗೆ ಅಂಟಿಸಿಕೊಂಡು ನಿಂತಿದ್ದಳು. ಸರ್ವರಿ ಅವನ್ನು ಒಂದೊಂದಾಗಿ ಬಿಡಿಸಿಕೊಂಡು ಸೂಜಿಯ ಮೇಲೆ ಅಂಟಿಸಿದಳು. ಕೊನೆಯ ಪಟ್ಟಿ ತೆಗೆದುಕೊಂಡ ಮೇಲೂ ಆ ಬೆರಳುಗಳು ಹಾಗೆಯೇ ಚಾಚಿಕೊಂಡಿದ್ದವು. ಶಕುಂತಲಾಬಾಯಿ ಅವನ್ನು ಒಮ್ಮೆ ನೋಡಿ, ಮುಖ ಗೋಡೆಯ ಕಡೆ ಮಾಡಿ ಮಲಗಿದಳು.